ಅಮ್ಮನ ಮೂರು ಲಾಟೀನಿಗೆ ಎಲ್‌ಇಡಿ ಹಾಕಿದ ಕತೆ

ಅಂತೂ ಮುಗೀತು. ಮೂರು ಹಳೇ ಬ್ಯಾಟರಿ ಲಾಟೀನು, ಏಳು ವಾರ, ಎರಡು ಸಲ ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಎಸ್‌ಪಿ ರೋಡು, ಒಂದು ಸಲ ಸರಿಯಾದ ಕರೆಂಟ್ ಶಾಕು, ಸುಟ್ಟ ಎಲ್‌ಇಡಿ ಎಷ್ಟು ಅಂತ ಲೆಕ್ಕ ಇಟ್ಟಿಲ್ಲ. ಶುರು ಮಾಡೋವಾಗ ನಾನು ಅಂದ್ಕೊಂಡಿದ್ದು ಹಳೇ ಬಲ್ಬು ತಿರುಗಿಸಿ ತೆಗೆಯೋದು, ಎಲ್‌ಇಡಿ ಬಲ್ಬು ತಿರುಗಿಸಿ ಹಾಕೋದು, ಒಂದು ಭಾನುವಾರದ ಕೆಲಸ ಅಂತ. ನೀವೂ ಹಂಗೇ ಅಂದ್ಕೊಂಡು ಸ್ಕ್ರೂ ಡ್ರೈವರ್ ಹುಡುಕ್ತಾ ಇದ್ರೆ ಸ್ವಲ್ಪ ತಡೀರಿ, ಇದನ್ನ ಓದಿ ಆಮೇಲೆ ಬಿಚ್ಚಿ.

ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ, ಮೇನ್ ರೋಡಿಂದ ಒಳಗೆ. ಮಳೆಗಾಲದಲ್ಲಿ ಅಲ್ಲಿ ಕರೆಂಟಿನ ಕತೆ ಮಲೆನಾಡಿನವ್ರಿಗೆ ಹೇಳೋದೇ ಬೇಡ. ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಎರಡು ದಿನ, ಮೂರು ದಿನ. ಲೈನ್‌ಮನ್‌ಗಳು ಪಾಪ ಆ ಮಳೇಲಿ ಕಾಡೊಳಗೆ ಕಂಬ ಹತ್ತಬೇಕು, ಅವ್ರನ್ನ ಬೈದು ಎಂತ ಮಾಡೋದು. ಇನ್ವರ್ಟರ್ ಇದೆ, ಆದ್ರೆ ಮೂರನೇ ದಿನಕ್ಕೆ ಅದೂ ಕುಂಯ್ ಅಂತ ಮಲಗತ್ತೆ. ಸೀಮೆಎಣ್ಣೆ ಲಾಟೀನು ಗೋಡೆ ಮೊಳೇಲಿ ನೇತಾಡ್ತಾ ಇದೆ, ಸೀಮೆಎಣ್ಣೆ ಸಿಗಲ್ಲ. ಅಪ್ಪ ಹೋದ ಮೇಲೆ ಅಮ್ಮ ಒಬ್ಬರೇ ಇರೋದು, ನಾನು ಬೆಂಗಳೂರಲ್ಲಿ. ಹೋದ ವರ್ಷ ಆರಿದ್ರಾ ಮಳೇಲಿ ಫೋನ್ ಮಾಡ್ದಾಗ "ಮೇಣದಬತ್ತಿ ಹಚ್ಕೊಂಡು ಕೂತಿದೀನಿ" ಅಂದ್ರು. ಮನೇಲಿ ಮೂರು ಬ್ಯಾಟರಿ ಲಾಟೀನು ಇಟ್ಕೊಂಡು ಮೇಣದಬತ್ತಿ! ಆವಾಗ್ಲೇ ತೀರ್ಮಾನ ಮಾಡಿದ್ದು.

ಹೊಸದು ತಗೋಬೋದಿತ್ತಲ್ಲ ಅಂತ ಕೇಳ್ತೀರ. ನನ್ನ ಹೆಂಡ್ತಿನೂ ಕೇಳಿದ್ಲು. ನಾಕೈದು ನೂರಕ್ಕೆ ಹೊಸ ಚಾರ್ಜಿಂಗ್ ಲಾಟೀನು ಬರತ್ತೆ ನಿಜ. ಎರಡು ತಂದೂ ಇದ್ದೆ, ಎರಡೂ ಒಂದೊಂದು ಮಳೆಗಾಲ ಬಾಳಿದ್ವು. ಇವು ಮೂರು ಇನ್ನೂ ಗಟ್ಟಿಮುಟ್ಟಾಗಿವೆ, ಹಿಡಿ ಗಟ್ಟಿ ಇದೆ, ಮತ್ತೆ ಅಮ್ಮನ ಕೈಗೆ ಕತ್ತಲಲ್ಲಿ ಸ್ವಿಚ್ ಎಲ್ಲಿದೆ ಅಂತ ಗೊತ್ತು. ಈ ಕೊನೇದು ದೊಡ್ಡ ವಿಷ್ಯ ಅಂತ ಆಗ ನನಗೆ ಅನಿಸಿರ್ಲಿಲ್ಲ.

ಮೂರರಲ್ಲಿ ಮೊದಲನೇದು ಮಾವ ಮಸ್ಕತ್ತಿಂದ ತಂದಿದ್ದು, ನಾಲ್ಕು ದೊಡ್ಡ ಸೆಲ್ಲಿಂದು, ಹಸಿರು ಪ್ಲಾಸ್ಟಿಕ್ಕು, ಮಧ್ಯ ಒಂದು ಸಣ್ಣ ಬಲ್ಬು, ಸುತ್ತ ಗೀರುಗೀರು ಇರೋ ಕವರು. ಎರಡನೇದು ಅಪ್ಪ ಶಿವಮೊಗ್ಗದಲ್ಲಿ ತಗೊಂಡಿದ್ದು ಎರಡು ಸಣ್ಣ ಟ್ಯೂಬಿನ ಎಮರ್ಜೆನ್ಸಿ ಲ್ಯಾಂಪು, ಒಳಗೆ 6 ವೋಲ್ಟಿನ ಇಟ್ಟಿಗೆ ತರದ ಬ್ಯಾಟರಿ. ಮೂರನೇದು ಜಾತ್ರೇಲಿ ತಗೊಂಡ ಅಗ್ಗದ್ದು, ಇಪ್ಪತ್ನಾಲ್ಕು ಸಣ್ಣ ಎಲ್‌ಇಡಿ, 4 ವೋಲ್ಟ್ ಬ್ಯಾಟರಿ, ಹಿಂದ್ಗಡೆ ಎರಡು ಪಿನ್ನು ಎಳೆದು ನೇರ ಪ್ಲಗ್ಗಿಗೆ ಚುಚ್ಚೋದು.

ಮೇ ಎರಡನೇ ವಾರ ಊರಿಗೆ ಹೋದಾಗ ಮಸ್ಕತ್ ಲಾಟೀನು ಬಿಚ್ಚಿದೆ. ಒಳಗೆ ಸೆಲ್ಲು ಯಾವ ಕಾಲದ್ದೋ ಒಡೆದು ಸೋರಿ ಬಿಳಿ ಬಿಳಿ ಉಪ್ಪು ಕಟ್ಟಿತ್ತು, ತಗಡೆಲ್ಲ ಹಸಿರು. ನಾನು ಯಾವ್ದೋ ವಿಡಿಯೋ ನೋಡಿ ನಿಂಬೆರಸ ಹಚ್ಚಿದೆ, ಏನೂ ಆಗ್ಲಿಲ್ಲ. ಆಮೇಲೆ ಗೊತ್ತಾಗಿದ್ದು, ನಿಂಬೆರಸ ವಿನೆಗರ್ ಎಲ್ಲ ಆಲ್ಕಲೈನ್ ಸೆಲ್ ಸೋರಿದ್ದಕ್ಕೆ, ಅದು ಕ್ಷಾರ. ನಮ್ಮ ಕಡೆ ಅಂಗಡೀಲಿ ಸಿಗೋ ಅಗ್ಗದ ಸೆಲ್ಲು ಹೆಚ್ಚಾಗಿ ಜಿಂಕ್ ಕಾರ್ಬನ್ನು, ಅದು ಸೋರೋದು ಹುಳಿ, ಅದಕ್ಕೆ ಅಡುಗೆ ಸೋಡಾ ಕಲಸಿ ಹಚ್ಚಬೇಕು. ಹಚ್ಚಿ, ಒದ್ದೆ ಬಟ್ಟೇಲಿ ಒರೆಸಿ, ಒಣಗಿಸಿದ ಮೇಲೆ ಅಮ್ಮ ಬಂದು ದೇವರ ದೀಪ ತೊಳೆಯೋ ಹುಣಸೆಹಣ್ಣು ತಗೊಂಡು ಆ ಹಿತ್ತಾಳೆ ತಗಡನ್ನ ಎರಡು ನಿಮಿಷ ತಿಕ್ಕಿದ್ರು ನೋಡಿ, ಪಳಪಳ. ನಾನು ಉಪ್ಪು ಕಾಗದದಲ್ಲಿ ಅರ್ಧ ಗಂಟೆ ಉಜ್ಜಿದ್ದೆಲ್ಲ ದಂಡ. ನೀವು ಎಲ್‌ಇಡಿ ಯೋಚನೆ ಮಾಡೋ ಮೊದಲು ಇದನ್ನ ಮುಗಿಸಿ, ಯಾಕಂದ್ರೆ ಲಾಟೀನು "ಕೆಟ್ಟಿದೆ" ಅನ್ನೋದು ಅರ್ಧಕ್ಕರ್ಧ ಈ ತಗಡಿನ ಕಿಲುಬೇ ಆಗಿರತ್ತೆ.

ಕ್ಲೀನ್ ಮಾಡಿ ಹೊಸ ಸೆಲ್ ಹಾಕಿದ್ರೆ ಹಳೇ ಬಲ್ಬೇ ಹತ್ತಿತು! ಚಂದದ ಹಳದಿ ಬೆಳಕು. ಬಲ್ಬಿನ ತಳದಲ್ಲಿ ಕಣ್ಣು ಕಿರಿದು ಮಾಡಿ ಓದಿದ್ರೆ 4.8 ವೋಲ್ಟ್, 0.5 ಆಂಪ್. ಅಂದ್ರೆ 500 ಮಿಲಿ ಆಂಪ್ ಕುಡಿಯತ್ತೆ, ನಾಲ್ಕು ಸೆಲ್ಲು ಎರಡು ರಾತ್ರೀಲಿ ಸುಸ್ತು. ಅಮ್ಮ ಮೇಣದಬತ್ತಿ ಹಚ್ಚೋದು ಯಾಕೆ ಅಂತ ಅಲ್ಲೇ ಉತ್ತರ ಸಿಕ್ತು, ಸೆಲ್ಲಿಗೆ ದುಡ್ಡು ಹಾಕಿ ಹಾಕಿ ಬೇಜಾರಾಗಿ ಅದನ್ನ ಅಟ್ಟಕ್ಕೆ ಹಾಕಿದ್ರು.

ಮಸ್ಕತ್ತಿಂದು ಮತ್ತೆ ಜಾತ್ರೇದು ಎರಡನ್ನೂ ಬ್ಯಾಗಿಗೆ ಹಾಕ್ಕೊಂಡು ಬೆಂಗಳೂರಿಗೆ ಬಂದೆ. ಶನಿವಾರ ಎಸ್‌ಪಿ ರೋಡಿಗೆ ಹೋದೆ. ಹೋಗದೇ ಇರೋರಿಗೆ: ಚಿಕ್ಕಪೇಟೆ ಇಲ್ಲಾ ಕೆಆರ್ ಮಾರ್ಕೆಟ್ ಮೆಟ್ರೋ ಸ್ಟೇಷನ್ನಲ್ಲಿ ಇಳಿದು ನಡೀಬೋದು, ಗಾಡಿ ತಗೊಂಡು ಹೋಗೋ ಸಾಹಸ ಬೇಡ, ಭಾನುವಾರ ಹೋದ್ರೆ ಮುಕ್ಕಾಲು ಅಂಗಡಿ ಬಾಗಿಲು ಹಾಕಿರತ್ತೆ. ಕೊಳ್ಳೋ ಸಾಮಾನು ಸಣ್ಣದಾದಷ್ಟೂ ಅಂಗಡಿಯವ್ರಿಗೆ ತಾಳ್ಮೆ ಕಮ್ಮಿ, ಅದಕ್ಕೆ ಏನು ಬೇಕು ಅಂತ ಬರ್ಕೊಂಡು ಹೋಗಿ. ನಾನು ಬರ್ಕೊಂಡು ಹೋಗಿರ್ಲಿಲ್ಲ. ಹಳೇ ಬಲ್ಬು ತೋರಿಸಿ "ಇದೇ ತರ ಎಲ್‌ಇಡಿ" ಅಂದೆ, ತಿರುಗಿಸೋ ತಳದ್ದು ಎರಡು ಕೊಟ್ಟ, 120 ರೂಪಾಯಿ. ಬಿಲ್ ಕೇಳಿದ್ದಕ್ಕೆ ನನ್ನ ಮುಖ ನೋಡಿ ನಕ್ಕ.

ಮನೆಗೆ ಬಂದು ಹಾಕಿದೆ. ಹತ್ತಲಿಲ್ಲ. ಎರಡನೇದು ಹಾಕಿದೆ, ಅದೂ ಹತ್ತಲಿಲ್ಲ. ಮೋಸ ಮಾಡ್ದ ಅಂತ ಬೈಕೊಂಡು ವಾಪಸ್ ಹೊರಟವನಿಗೆ ದಾರೀಲಿ ಹೊಳೀತು: ತಂತಿ ಬಲ್ಬಿಗೆ ಪ್ಲಸ್ ಮೈನಸ್ ಅಂತ ಇಲ್ಲ, ಎಲ್‌ಇಡಿಗೆ ಇದೆ. ಹೋಲ್ಡರಿನ ನಡು ಬಿಂದುಗೆ ಪ್ಲಸ್ ಬರಬೇಕು, ಈ ಲಾಟೀನಲ್ಲಿ ಮೈನಸ್ ಬರ್ತಿತ್ತು. ಸೆಲ್ಲು ಉಲ್ಟಾ ಹಾಕಿ ನೋಡಣ ಅಂದ್ರೆ ಉಲ್ಟಾ ಹಾಕಿದ್ರೆ ತಾಗದ ಹಾಗೆ ಕಂಪನಿಯವ್ರು ಪ್ಲಾಸ್ಟಿಕ್ ತಡೆ ಕೊಟ್ಟಿದಾರೆ. ಸರಿ, ಹೋಲ್ಡರಿನ ಎರಡು ವೈರು ಕಿತ್ತು ಅದಲು ಬದಲು ಬೆಸುಗೆ ಹಾಕಿದೆ. ಅದಕ್ಕೋಸ್ಕರ ಸೋಲ್ಡರಿಂಗ್ ಐರನ್ 220, ಸೀಸ ಮತ್ತೆ ಫ್ಲಕ್ಸು 140, ವೋಲ್ಟು ಗೀಲ್ಟು ಅಳೆಯೋ ಮಲ್ಟಿಮೀಟರು 250. ಬಲ್ಬು 60 ರೂಪಾಯಿದು.

ಹತ್ತಿತು. ಹತ್ತಿದ ಖುಷಿ ಹತ್ತು ಸೆಕೆಂಡು. ತಂತಿ ಬಲ್ಬು ಸುತ್ತಲೂ ಬೆಳಕು ಚೆಲ್ಲತ್ತೆ, ಲಾಟೀನಿನ ಕವರಿನ ಗೀರುಗಳು ಇರೋದೇ ನಡುವಿಂದ ಸುತ್ತ ಬರೋ ಬೆಳಕನ್ನ ಹರಡೋಕೆ. ಈ ಎಲ್‌ಇಡಿ ಬಲ್ಬು ಟಾರ್ಚಿಗೆ ಮಾಡಿದ್ದು, ಮುಂದಕ್ಕೆ ಮಾತ್ರ ಬಿಡತ್ತೆ. ಲಾಟೀನಲ್ಲಿ ಮುಂದೆ ಅಂದ್ರೆ ಮೇಲೆ. ಸೂರಿನಲ್ಲಿ ಜೇಡ ಎಷ್ಟು ಕಾಲು ಆಡಿಸ್ತಿದೆ ಅಂತ ಎಣಿಸಬೋದು, ಟೇಬಲ್ ಮೇಲಿನ ಕಾಗದ ಓದಕ್ಕೆ ಆಗಲ್ಲ.

ಅಲ್ಲಿಗೆ ರೆಡಿಮೇಡ್ ಬಲ್ಬಿನ ದಾರಿ ಬಿಟ್ಟೆ. ಸುತ್ತ ಬೆಳಕು ಬೇಕು ಅಂದ್ರೆ ಎಲ್‌ಇಡಿನ ಸುತ್ತ ಕೂರಿಸಬೇಕು. ಪಟ್ಟಿ ತರ ಬರತ್ತಲ್ಲ, ಪಿಒಪಿ ಸೀಲಿಂಗ್ ಒಳಗೆ ಹಾಕ್ತಾರಲ್ಲ ಆ ಸ್ಟ್ರಿಪ್ಪು, ಅದನ್ನ ಪೈಪಿಗೆ ಸುತ್ತಿದ್ರೆ ಆಯ್ತು ಅಂತ ಬಹಳ ಬುದ್ಧಿವಂತನ ಹಾಗೆ 5 ಮೀಟರ್ ತರಿಸಿದೆ, 180 ರೂಪಾಯಿ. ಅದು 12 ವೋಲ್ಟಿಂದು. ಮೂರು ಮೂರು ಎಲ್‌ಇಡಿ ಸಾಲಾಗಿ ಜೋಡಿಸಿರ್ತಾರೆ, ಒಂದು ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು, ಮೂರಕ್ಕೆ 9 ಮೇಲೆ. ನನ್ನ ನಾಲ್ಕು ಸೆಲ್ಲಿನ 6 ವೋಲ್ಟು ಅದಕ್ಕೆ ಕಚಗುಳಿ ಇಟ್ಟ ಹಾಗೂ ಆಗ್ಲಿಲ್ಲ. ಈ ಪಟ್ಟಿ ಈಗ ನಮ್ಮನೆ ಶೂ ರ‍್ಯಾಕ್ ಕೆಳಗೆ ಯಾವ ಅಡಾಪ್ಟರೂ ಇಲ್ದೆ ಅಂಟ್ಕೊಂಡಿದೆ, ಹೆಂಡ್ತಿ ಬಂದೋರಿಗೆಲ್ಲ ತೋರಿಸ್ತಾಳೆ.

ಎರಡನೇ ಸಲ ಎಸ್‌ಪಿ ರೋಡು. ಈ ಸಲ 5 ಎಂಎಂ ಎಲ್‌ಇಡಿ, ತಲೆ ಚಪ್ಪಟೆ ಇರತ್ತಲ್ಲ, ಸ್ಟ್ರಾ ಹ್ಯಾಟ್ ಅಂತಾರೆ, ಅದು ಅಗಲಕ್ಕೆ ಬೆಳಕು ಬಿಡತ್ತೆ. 50 ತಗೊಂಡೆ, ನೂರು ರೂಪಾಯಿ. ಅಂಗಡಿ ಹುಡುಗ "ರೆಸಿಸ್ಟರ್ ಬೇಡ್ವಾ" ಅಂತ ಕೇಳಿದ. ಬೇಡ ಅಂದೆ. ಆ ಹುಡುಗ ಏನೂ ಹೇಳಲಿಲ್ಲ, ಹೇಳಬೇಕಿತ್ತು.

ನನ್ನ ತಲೆ ಲೆಕ್ಕ ಹೀಗಿತ್ತು: ಎಲ್‌ಇಡಿಗೆ 3 ವೋಲ್ಟ್, ಎರಡು ಸೆಲ್ಲಿಂದ 3 ವೋಲ್ಟ್, ಸರಿಹೋಯ್ತಲ್ಲ. ಆರು ಎಲ್‌ಇಡಿ ಒಟ್ಟಿಗೆ ಪ್ಯಾರಲಲ್ (ಎಲ್ಲದರ ಪ್ಲಸ್ಸು ಒಂದು ಕಡೆ, ಮೈನಸ್ಸು ಒಂದು ಕಡೆ) ಹಾಕಿ ಎರಡು ಸೆಲ್ ಕೊಟ್ರೆ ಮಂಕಾಗಿ ಹತ್ತಿತು, ಮೂರು ಸೆಲ್ ಕೊಟ್ಟೆ, ಆಹಾ, ಹಗಲು! ಫೋಟೋ ತೆಗೆದು ಅಣ್ಣಂಗೆ ಕಳಿಸೋ ಹೊತ್ತಿಗೆ ಒಂದು ಎಲ್‌ಇಡಿ ಬೇರೆಯವಕ್ಕಿಂತ ಜಾಸ್ತಿ ಉರೀತಾ ನೀಲಿಗೆ ತಿರುಗ್ತು, ಒಂಥರ ಸುಟ್ಟ ಪ್ಲಾಸ್ಟಿಕ್ ವಾಸನೆ, ಟಪ್. ಅದು ಹೋದ ಮೇಲೆ ಪಕ್ಕದ್ದು. ಆಮೇಲೆ ಅದರ ಪಕ್ಕದ್ದು. ಎಲ್‌ಇಡಿ ಬಿಸಿ ಆದ ಹಾಗೆ ಅದಕ್ಕೆ ಬೇಕಾದ ವೋಲ್ಟು ಕಮ್ಮಿ ಆಗತ್ತೆ, ಹಂಗಾಗಿ ಇನ್ನೂ ಜಾಸ್ತಿ ಕರೆಂಟ್ ಎಳೆಯತ್ತೆ, ಇನ್ನೂ ಬಿಸಿ ಆಗತ್ತೆ. ತಡೆಯೋರು ಇಲ್ದಿದ್ರೆ ಹೊಟ್ಟೆ ಒಡೆಯೋವರೆಗೂ ಉಣ್ಣೋ ಜಾತಿ ಅದು. ಆ ತಡೆಯೋನೇ ರೆಸಿಸ್ಟರು. ನೀಲಿಗೆ ತಿರುಗಿದ್ದು ಯಾಕೆ ಅಂತ ಹುಡುಕಿದ್ರೆ ಇನ್ನೊಂದು ಸ್ವಾರಸ್ಯ: ಬಿಳಿ ಎಲ್‌ಇಡಿ ಅಂತ ನಿಜವಾಗ್ಲೂ ಇಲ್ವಂತೆ, ಒಳಗಿರೋದು ನೀಲಿ ಎಲ್‌ಇಡಿ, ಮೇಲೆ ಹಳದಿ ಪುಡಿ ಬಳಿದಿರ್ತಾರೆ, ಎರಡೂ ಸೇರಿ ಕಣ್ಣಿಗೆ ಬಿಳಿ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಮೂರು ಜನ ಜಪಾನ್ ಮೂಲದ ವಿಜ್ಞಾನಿಗಳಿಗೆ, ಅಕಸಾಕಿ, ಅಮಾನೋ, ನಕಮುರಾ, 2014ರಲ್ಲಿ ಫಿಸಿಕ್ಸ್ ನೊಬೆಲ್ ಕೊಟ್ಟಿದ್ದು. ಅದನ್ನ ನಾನು ಅಡುಗೆಮನೆ ಕಟ್ಟೆ ಮೇಲೆ ಮೂರು ನಿಮಿಷದಲ್ಲಿ ಮೂರು ಸುಟ್ಟೆ.

ಲೆಕ್ಕ ಸುಲಭ ಇದೆ, ಹೆದರಬೇಡಿ. ಬ್ಯಾಟರಿ ವೋಲ್ಟಲ್ಲಿ ಎಲ್‌ಇಡಿ ವೋಲ್ಟು ಕಳೀರಿ, ಎಷ್ಟು ಕರೆಂಟ್ ಬೇಕೋ ಅದರಿಂದ ಭಾಗಿಸಿ, ಬಂದಿದ್ದು ಎಷ್ಟು ಓಮಿನ ರೆಸಿಸ್ಟರ್ ಬೇಕು ಅಂತ. ನಂದು 6ರಲ್ಲಿ 3 ಹೋದ್ರೆ 3, 20 ಮಿಲಿ ಆಂಪ್ ಅಂದ್ರೆ 0.02, ಭಾಗಿಸಿದ್ರೆ 150 ಓಮ್. ರೆಸಿಸ್ಟರ್ ಮೇಲಿನ ಬಣ್ಣದ ಗೆರೆ ಕಂದು ಹಸಿರು ಕಂದು. ಆರು ಎಲ್‌ಇಡಿಗೂ ಸೇರಿಸಿ ಒಂದೇ ರೆಸಿಸ್ಟರ್ ಹಾಕೋ ಸೋಮಾರಿತನ ಬೇಡ, ಒಂದೊಂದಕ್ಕೂ ಒಂದೊಂದು ಹಾಕಿ, ಒಂದು ರೂಪಾಯಿನೂ ಇಲ್ಲ ಅದು. ಬಣ್ಣ ನೋಡಿ ಗುರ್ತು ಹಿಡಿಯೋದನ್ನ ರಾತ್ರಿ ಹಳದಿ ಬೆಳಕಲ್ಲಿ ಮಾಡಬೇಡಿ, ಕಂದು ಕೆಂಪು ಕಿತ್ತಳೆ ಎಲ್ಲ ಒಂದೇ ಕಾಣತ್ತೆ, ಮೀಟರಲ್ಲಿ ನೋಡ್ಕೊಳ್ಳಿ. ಎಲ್‌ಇಡಿಯ ಉದ್ದ ಕಾಲು ಪ್ಲಸ್ಸು. ಕಾಲು ಕತ್ತರಿಸೋ ಮೊದಲೇ ಗುರ್ತು ಮಾಡ್ಕೊಳ್ಳಿ, ಕತ್ತರಿಸಿದ ಮೇಲೆ ಅಂಚಲ್ಲಿ ಚಪ್ಪಟೆ ಇರೋ ಕಡೆ ಮೈನಸ್ ಅಂತ ಭೂತಗನ್ನಡಿ ಹಿಡ್ಕೊಂಡು ಹುಡುಕಬೇಕಾಗತ್ತೆ.

ವೈರಿಂಗ್ ಮಾಡೋ ಪಿವಿಸಿ ಪೈಪಿನ ಎರಡಿಂಚು ತುಂಡು ತಗೊಂಡು ಸುತ್ತ ಆರು ತೂತು ಕೊರೆದು, ಆರು ಎಲ್‌ಇಡಿ ಹೊರಗೆ ಮುಖ ಮಾಡಿ ಕೂರಿಸಿ, ರೆಸಿಸ್ಟರೆಲ್ಲ ಪೈಪಿನ ಒಳಗೆ. ಹಳೇ ಬಲ್ಬಿನ ಹೋಲ್ಡರ್ ತೆಗೆಯದೇ ಅದರ ಮೇಲೇ ನಿಲ್ಲಿಸಿದೆ. ಆರು ಚುಕ್ಕಿ ಕಣ್ಣಿಗೆ ಚುಚ್ತಿತ್ತು ಅಂತ ಒಂದು ಸುತ್ತು ಬಟರ್ ಪೇಪರ್. ಒಟ್ಟು 120 ಮಿಲಿ ಆಂಪ್ ಆಸುಪಾಸು, ಮೊದಲಿನ ಕಾಲು ಭಾಗ. ಬೆಳಕು ಮೊದಲಿಗಿಂತ ಜೋರು. ನನಗೆ ಭಯಂಕರ ಹೆಮ್ಮೆ.

ಜೂನ್ ಎರಡನೇ ವಾರ, ಮೃಗಶಿರಾ ಮಳೆ ಶುರುವಾಗಿತ್ತು, ಆಫೀಸಲ್ಲಿ ನಾಲ್ಕು ದಿನ ವರ್ಕ್ ಫ್ರಮ್ ಹೋಂ ಕೇಳ್ಕೊಂಡು ಊರಿಗೆ ಹೋದೆ. ಮೊದಲನೇ ಸಂಜೆನೇ ಕರೆಂಟ್ ಹೋಯ್ತು. ಸಿನಿಮಾ ಹೀರೋ ತರ ಲಾಟೀನು ಹೊತ್ತಿಸಿ ಜಗಲಿ ಮೇಲಿಟ್ಟೆ. ಅಮ್ಮ ನೋಡಿ "ಎಂತ ಮಾರಾಯ ಇದು, ಆಸ್ಪತ್ರೆ ಲೈಟು ಇದ್ದಂಗೆ ಇದೆ" ಅಂದ್ರು. ಐದು ನಿಮಿಷದಲ್ಲಿ ಮಳೆಹುಳ, ರೆಕ್ಕೆ ಗೆದ್ದಲು, ಸಾವಿರ ಸಾವಿರ, ಜಗಲಿ ತುಂಬ ರೆಕ್ಕೆ, ಊಟದ ತಟ್ಟೇಲಿ ಹುಳ. ಅಮ್ಮ ಎದ್ದು ಲಾಟೀನಿನ ಮುಖ ಗೋಡೆ ಕಡೆ ತಿರುಗಿಸಿಟ್ರು. ತಿರುಗಿಸಿದ್ರೆ ಏನು, ಸುತ್ತ ಬೆಳಕು ಬರೋ ಹಂಗೆ ನಾನೇ ಮಾಡಿದೀನಲ್ಲ! ಕೊನೆಗೆ ಅದರ ಮೇಲೆ ಒಂದು ಟವಲ್ ಮುಚ್ಚಿದ್ರು. ಬೆಳಿಗ್ಗೆ ಕೊಟ್ಟಿಗೆಗೆ ತಗೊಂಡು ಹೋದ್ರೆ ನಮ್ಮ ದನ ಗೌರಿ ಬೆದರಿ ಹಾಲಿಗೆ ಸೊರ ಬಿಡಲಿಲ್ಲ, ಅದೂ ನನ್ನ ತಲೆಗೇ ಬಂತು.

ಬೇಜಾರಾಯ್ತು, ಸುಳ್ಳು ಹೇಳಲ್ಲ. ನಾಲ್ಕು ವಾರದ ಕೆಲಸದ ಮೇಲೆ ಟವಲ್ಲು. ಅಮ್ಮನ ಹತ್ರ ಸ್ವಲ್ಪ ಸಿಡುಕಿನಲ್ಲೇ "ಹಾವು ಗೀವು ಕಾಣಬೇಕಲ್ಲ ನಿಂಗೆ" ಅಂದೆ. "ಹಾವು ನೋಡಕ್ಕೆ ಟಾರ್ಚ್ ಇದೆ, ಲಾಟೀನು ಹತ್ರ ಇಟ್ಕೊಂಡು ಕೂತ್ಕೊಳ್ಳಕ್ಕೆ" ಅಂದ್ರು. ಅವ್ರಿಗೆ ಬೇಕಿದ್ದಿದ್ದು ಜೋರು ಬೆಳಕಲ್ಲ, ರಾತ್ರಿ ಇಡೀ ಉರಿಯೋ ಬೆಳಕು. ನಾನು ಇಷ್ಟು ದಿನ ಉಲ್ಟಾ ಲೆಕ್ಕ ಮಾಡ್ತಿದ್ದೆ.

ಮಾರನೇ ದಿನ ಬಿಳಿ ಎಲ್ಲ ಕಿತ್ತು ವಾರ್ಮ್ ವೈಟ್ ಹಾಕಿದೆ, 50ರಲ್ಲಿ ಅರ್ಧ ಅದನ್ನೇ ತಗೊಂಡಿದ್ದು ಪುಣ್ಯ. 150 ಓಮ್ ತೆಗೆದು 330. ಕಿತ್ತಳೆ ಕಿತ್ತಳೆ ಕಂದು. ಈಗ ಒಂದೊಂದಕ್ಕೆ 9 ಮಿಲಿ ಆಂಪ್, ಆರಕ್ಕೂ ಸೇರಿ 55 ಹತ್ರ, ಹಳೇ ಬಲ್ಬಿನ ಒಂಬತ್ತರಲ್ಲಿ ಒಂದು ಪಾಲು. ಕರೆಂಟ್ ಅರ್ಧಕ್ಕಿಂತ ಕಮ್ಮಿ ಆದ್ರೂ ಕಣ್ಣಿಗೆ ಅರ್ಧ ಆದ ಹಾಗೆ ಕಾಣಲ್ಲ, ಕತ್ತಲಿಗೆ ಕಣ್ಣು ಹೊಂದ್ಕೊಳ್ಳತ್ತೆ. ಹುಳ ಪೂರ್ತಿ ನಿಲ್ಲಲಿಲ್ಲ, ಆದ್ರೆ ಹಳದಿ ಬೆಳಕಿಗೆ ಕಮ್ಮಿ ಬರ್ತವೆ, ಊಟ ಮಾಡಬೋದು. ಸೆಲ್ಲು ಇಳೀತಾ ಬಂದ ಹಾಗೆ ಬೆಳಕೂ ಮೆಲ್ಲಗೆ ಇಳಿಯತ್ತೆ, ಪಟ್ ಅಂತ ಕೈ ಕೊಡಲ್ಲ. ಅಮ್ಮ ಕ್ಯಾಲೆಂಡರಲ್ಲಿ ಗೀಟು ಹಾಕಿಟ್ಟಿದ್ರು, ದಿನಕ್ಕೆ ನಾಲ್ಕೈದು ಗಂಟೆ ಹಚ್ಚಿ ಅದೇ ಸೆಲ್ಲು ಹದಿಮೂರು ದಿನ ಬಂತು, ಇನ್ನೂ ಉರೀತಿತ್ತು.

ಬ್ಯಾಟರಿ ಇರೋ ತನಕ ಬಟಾಣಿ ಕಾಳಿನಷ್ಟು ಕೆಂಪು ಎಲ್‌ಇಡಿ ಒಂದನ್ನ ಸ್ವಿಚ್ಚಿನ ಪಕ್ಕ ಯಾವಾಗಲೂ ಉರಿಯೋ ಹಾಗೆ ಹಾಕಿದೀನಿ, 10 ಸಾವಿರ ಓಮ್ ರೆಸಿಸ್ಟರ್ ಜೊತೆ. ಅರ್ಧ ಮಿಲಿ ಆಂಪೂ ಕುಡಿಯಲ್ಲ. ಇದು ಅಮ್ಮನ ಐಡಿಯಾ: "ಕರೆಂಟ್ ಹೋದಾಗ ಮೊದಲು ಲಾಟೀನು ಹುಡುಕಕ್ಕೆ ಒಂದು ಲಾಟೀನು ಬೇಕು". ಮೂರರಲ್ಲಿ ಅವ್ರು ಜಾಸ್ತಿ ಮೆಚ್ಚಿದ್ದು ಈ ಎರಡು ರೂಪಾಯಿಯ ಚುಕ್ಕೇನೇ.

ಎರಡನೇ ಲಾಟೀನು, ಅಪ್ಪಂದು. ಅದನ್ನ ಊರಲ್ಲೇ ಮಾಡಿದೆ. 6 ವೋಲ್ಟ್ ಬ್ಯಾಟರಿ ಮೀಟರಲ್ಲಿ 4.1 ತೋರಿಸ್ತು, ಹೊಟ್ಟೆ ಉಬ್ಬಿತ್ತು. ಲೆಡ್ ಆಸಿಡ್ ಬ್ಯಾಟರಿನ ಖಾಲಿ ಮಾಡಿ ಹಂಗೇ ಅಟ್ಟಕ್ಕೆ ಹಾಕಿದ್ರೆ ಒಳಗೆ ಸಲ್ಫೇಟ್ ಕಟ್ಟಿ ಸಾಯತ್ತೆ, ಯಾವ ಚಾರ್ಜೂ ಬದುಕಿಸಲ್ಲ. ತೀರ್ಥಹಳ್ಳಿ ಪೇಟೆಗೆ ಹೋಗಿ ಹೊಸದು ಕೇಳಿದ್ರೆ ಧೂಳು ಕೊಡವಿ ಒಂದು ಡಬ್ಬಿ ಕೊಟ್ರು, ನಾನು ಜೇಬಿಂದ ಮೀಟರ್ ತೆಗೆದೆ, 5.7. ಇನ್ನೊಂದು ಕೊಡಿ ಅಂದೆ, ಅದು 6.35, ಅದನ್ನೇ ತಗೊಂಡೆ, 450, ಹಳೇದಕ್ಕೆ ಗುಜರಿ ರೇಟಲ್ಲಿ 40 ಕಳೆದ್ರು. ಅಂಗಡಿಗೆ ಮೀಟರ್ ತಗೊಂಡು ಹೋಗೋಕೆ ನಾಚ್ಕೋಬೇಡಿ. ಹಳೇ ಬ್ಯಾಟರಿನ ತೋಟದ ಅಂಚಿಗೆ ಎಸೀಬೇಡಿ, ಒಳಗಿರೋದು ಸೀಸ ಮತ್ತೆ ಆಸಿಡ್ಡು.

ಎರಡು ಟ್ಯೂಬು ಮತ್ತೆ ಅದನ್ನ ಹತ್ತಿಸೋ ಬೋರ್ಡು ತೆಗೆದೆ (ಅದು 6 ವೋಲ್ಟಿಂದ ನೂರಾರು ವೋಲ್ಟ್ ಮಾಡೋ ಬೋರ್ಡು, ಆನ್ ಇದ್ದಾಗ ಮುಟ್ಟಬೇಡಿ), ಟ್ಯೂಬಿನ ಜಾಗಕ್ಕೆ ಒಂದೊಂದು 1 ವಾಟಿನ ಎಲ್‌ಇಡಿ, ಒಂದೊಂದಕ್ಕೂ 22 ಓಮಿನ 1 ವಾಟ್ ರೆಸಿಸ್ಟರು. ಒಂದೊಂದಕ್ಕೆ 145 ಮಿಲಿ ಆಂಪ್ ಬರತ್ತೆ, ಪೂರ್ತಿ ಶಕ್ತಿಯ ಅರ್ಧನೂ ಅಲ್ಲ, ಬೇಕಂತಲೇ. ಎರಡೂ ಎಲ್‌ಇಡಿನ ಸಾಲಾಗಿ ಹಾಕಿದ್ರೆ ರೆಸಿಸ್ಟರಲ್ಲಿ ಹೋಗೋ ಬಿಸಿ ಉಳಿಯತ್ತಲ್ಲ ಅಂತ ಅಣ್ಣ ಅಂದ. ಉಳಿಯತ್ತೆ, ಆದ್ರೆ ಎರಡಕ್ಕೆ 6 ಮೇಲೆ ಬೇಕು, ಬ್ಯಾಟರಿ ಸ್ವಲ್ಪ ಇಳಿದ ತಕ್ಷಣ ಮಂಕು. 4.5 ಆಂಪ್ ಅವರ್ ಬ್ಯಾಟರಿ ಲೆಕ್ಕಕ್ಕೆ ಹದಿನೈದು ಗಂಟೆ, ನಾನು ಅಮ್ಮಂಗೆ ಹೇಳಿರೋದು ಹತ್ತು ಗಂಟೆ, ಪೂರ್ತಿ ಹೀರಬಾರದು.

ಇದರಲ್ಲಿ ಸಿಕ್ಕ ತೊಡಕು ಒಂದೇ, ಹಳೇ ಚಾರ್ಜರಿಗೆ ನಿಲ್ಲಿಸೋದು ಗೊತ್ತಿಲ್ಲ. ಎರಡು ದಿನ ಪ್ಲಗ್ಗಲ್ಲಿ ಬಿಟ್ಟು ನೋಡಿದ್ರೆ ಬ್ಯಾಟರಿ ಮೇಲೆ 7.6 ವೋಲ್ಟ್. ಯಾವಾಗಲೂ ಪ್ಲಗ್ಗಲ್ಲೇ ಇಡೋ ಹಾಗಿದ್ರೆ 6.9 ದಾಟಬಾರದು, ನೀರು ಆರಿ ಬ್ಯಾಟರಿ ಸಾಯತ್ತೆ. ಅಪ್ಪ ಇದನ್ನ ವರ್ಷಗಟ್ಟಲೆ ಪ್ಲಗ್ಗಿಂದ ತೆಗೆದೇ ಇರ್ಲಿಲ್ಲ, "ರೆಡಿ ಇರ್ಲಿ" ಅಂತ. ಈಗ ಶುಕ್ರವಾರ ಬೆಳಿಗ್ಗೆ ಪೂಜೆ ಹೊತ್ತಿಗೆ ಹಾಕೋದು ಸಂಜೆ ದೀಪ ಹಚ್ಚೋವಾಗ ತೆಗೆಯೋದು ಅಂತ ಅಮ್ಮ ನಿಯಮ ಮಾಡ್ಕೊಂಡಿದಾರೆ.

ಜಾತ್ರೆ ಲಾಟೀನು ಕೊನೇದು, ಶಾಕ್ ಕೊಟ್ಟಿದ್ದೂ ಅದೇ, ದಯವಿಟ್ಟು ಈ ಭಾಗ ಬಿಟ್ಟು ಹೋಗಬೇಡಿ. ಬೆಂಗಳೂರಿಗೆ ವಾಪಸ್ ಬಂದು ಅದನ್ನ ಬಿಚ್ಚಿ, ಚಾರ್ಜ್ ಆಗ್ತಿದೆಯಾ ನೋಡಣ ಅಂತ ಪ್ಲಗ್ಗಿಗೆ ಹಾಕಿ ಬ್ಯಾಟರಿ ತುದಿ ಮುಟ್ಟಿದೆ. 4 ವೋಲ್ಟ್ ಬ್ಯಾಟರಿ, ಏನಾಗತ್ತೆ? ಮೊಣಕೈ ತನಕ ಜುಂ ಅಂದು ಕೈ ಹಿಂದಿನ ಕಪಾಟಿಗೆ ಬಡೀತು. ಈ ಅಗ್ಗದ ಪಿನ್ ಲಾಟೀನುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರಲ್ಲ, ಒಂದು ಚೌಕದ ಕೆಪಾಸಿಟರ್ ಮಾತ್ರ, ಮೇಲೆ 105ಜೆ 400ವಿ ಅಂತೇನೋ ಬರೆದಿರತ್ತೆ. ಕರೆಂಟ್ ಕಮ್ಮಿ ಮಾಡತ್ತೆ ಅಷ್ಟೇ, ಮನೆಯ 230 ವೋಲ್ಟ್ ಲೈನಿಂದ ಬೇರೆ ಮಾಡಲ್ಲ. ಪ್ಲಗ್ಗಲ್ಲಿ ಇರೋ ತನಕ ಒಳಗಿನ ಬ್ಯಾಟರಿ, ಎಲ್‌ಇಡಿ, ಸ್ವಿಚ್ಚು ಎಲ್ಲದ್ರಲ್ಲೂ ಮನೆ ಕರೆಂಟೇ. ಬಿಚ್ಚಿದಾಗ ಪ್ಲಗ್ಗಿಗೆ ಹಾಕಲೇಬೇಡಿ. ಆ ದಿನ ಚಪ್ಪಲಿ ಹಾಕ್ಕೊಂಡಿದ್ದೆ, ಬಚಾವ್. ಅವತ್ತು ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ, ಅಮ್ಮ ಒದ್ದೆ ಕೈಯಲ್ಲಿ ಎಷ್ಟು ಸಲ ಇದನ್ನ ಪ್ಲಗ್ಗಿಗೆ ಚುಚ್ಚಿರಬೋದು ಅಂತ.

ಆ ಪಿನ್ನು, ಕೆಪಾಸಿಟರು ಎಲ್ಲ ಕಿತ್ತು ಬಿಸಾಕಿದೆ. ಬದಲಿಗೆ 18650 ಅನ್ನೋ ಲಿಥಿಯಂ ಸೆಲ್ಲು ಎರಡು, ಮೊಬೈಲ್ ಚಾರ್ಜರಿಂದ ಚಾರ್ಜ್ ಮಾಡೋ ಟಿಪಿ4056 ಅನ್ನೋ ಸಣ್ಣ ಬೋರ್ಡು, 35 ರೂಪಾಯಿದು, ಔಟ್ ಅಂತ ಬೇರೆ ತುದಿ ಇರೋದನ್ನೇ ತಗೊಳ್ಳಿ, ಅದರಲ್ಲಿ ಸೆಲ್ ಪೂರ್ತಿ ಖಾಲಿ ಆಗದ ಹಾಗೆ ಕಾಯೋ ವ್ಯವಸ್ಥೆನೂ ಇರತ್ತೆ. ಅದು 4.2 ವೋಲ್ಟಿಗೆ ತಾನೇ ನಿಲ್ಲಿಸತ್ತೆ. ಹಳೇ ಲೆಡ್ ಆಸಿಡ್ ಚಾರ್ಜರಿಗೆ ಲಿಥಿಯಂ ಸೆಲ್ ಕಟ್ಟೋ ಐಡಿಯಾ ಯಾರಾದ್ರೂ ಕೊಟ್ರೆ ಕೇಳಬೇಡಿ, ಬೆಂಕಿ ಹತ್ಕೊಳ್ಳತ್ತೆ. ಸೆಲ್ ಮೇಲೆ ನೇರ ಬೆಸುಗೆ ಹಾಕಬೇಡಿ, ಹೋಲ್ಡರ್ ತಗೊಳ್ಳಿ. ಎರಡು ಸೆಲ್ಲು ಪ್ಯಾರಲಲ್ ಹಾಕೋ ಮೊದಲು ಎರಡನ್ನೂ ಬೇರೆ ಬೇರೆ ಪೂರ್ತಿ ಚಾರ್ಜ್ ಮಾಡಿ ವೋಲ್ಟು ಒಂದೇ ಇದೆಯಾ ನೋಡಿ.

ಸೆಲ್ಲಲ್ಲಿ ಮತ್ತೆ ಬೇಸ್ತು ಬಿದ್ದೆ. ಮೇಲೆ 9900 ಎಂಎಎಚ್ ಅಂತ ಬರೆದಿತ್ತು, ಜೋಡಿಗೆ 180 ರೂಪಾಯಿ. ಒಂದೂವರೆ ಗಂಟೇಲಿ ಲಾಟೀನು ಆಫ್. ಆ ಸೈಜಿನ ಸೆಲ್ಲಲ್ಲಿ ಒಳ್ಳೇ ಕಂಪನಿದಾದ್ರೂ ಹೆಚ್ಚೂ ಕಮ್ಮಿ 3500 ಮೀರಲ್ಲ, ಅದಕ್ಕಿಂತ ತೀರಾ ಜಾಸ್ತಿ ಬರೆದಿದ್ರೆ ಸುಳ್ಳು ಅಂತ ಅಲ್ಲೇ ಗೊತ್ತಾಗಬೇಕಿತ್ತು. ಪಕ್ಕದ ಮನೆಯವರ ಅಡುಗೆ ತಕ್ಕಡೀಲಿ ತೂಗಿದ್ರೆ 26 ಗ್ರಾಂ, ಒಳ್ಳೇ ಸೆಲ್ಲು 45 ಗ್ರಾಂ ಆಸುಪಾಸು ಇರಬೇಕು. ಆನ್‌ಲೈನಲ್ಲಿ ಒಳ್ಳೇದು ತರಿಸಿದೆ, ಎರಡಕ್ಕೆ 420. ಲಿಥಿಯಂ ಆದ್ದರಿಂದ ವಿಮಾನದಲ್ಲಿ ಕಳಿಸಲಿಲ್ಲ, ರಸ್ತೇಲೇ ಬಂತು, ಹನ್ನೊಂದು ದಿನ ಕಾದೆ. ಅಷ್ಟರಲ್ಲಿ ಊರಲ್ಲಿ ಎರಡು ಸಲ ಕರೆಂಟ್ ಹೋಗಿ ಬಂತು.

ಲಾಟೀನು ರೆಡಿ ಆಯ್ತು, ಊರಿಗೆ ಕಳಿಸಣ ಅಂತ ಒಂದು ಕೊರಿಯರ್ ಆಫೀಸಿಗೆ ಹೋದೆ. "ಒಳಗೆ ಬ್ಯಾಟರಿ ಇದೆಯಾ?" ಇದೆ ಅಂದೆ, ತಗೊಳ್ಳಲ್ಲ ಅಂದ್ರು. ಇನ್ನೊಂದು ಕಡೆ ತಗೋತೀವಿ ಆದ್ರೆ ಜಿಎಸ್‌ಟಿ ಬಿಲ್ಲು, ಆಧಾರ್ ಕಾಪಿ, ಬ್ಯಾಟರಿ ಸೇಫ್ಟಿ ಶೀಟು, ಇದು ಅಪಾಯಕಾರಿ ಅಲ್ಲ ಅಂತ ಸಹಿ ಹಾಕಿದ ಕಾಗದ. ಬಿಲ್ಲಲ್ಲಿ ಏನು ಬರೆಯೋದು, ಲಾಟೀನು ಜಾತ್ರೇದು, ಸೆಲ್ಲು ಆನ್‌ಲೈನಿಂದು, ಸೇರಿಸಿದ್ದು ನಾನು! ಬ್ಯಾಟರಿ ಇಲ್ಲ ಅಂತ ಸುಳ್ಳು ಹೇಳಿ ಕಳಿಸು ಅಂತ ಹೇಳ್ದೋರೂ ಇದ್ರು. ಅದು ಮಾತ್ರ ಮಾಡಬೇಡಿ, ಆ ನಿಯಮ ಇರೋದಕ್ಕೆ ಕಾರಣ ಇದೆ. ಕೊನೆಗೆ ನಾನೇ ರಾತ್ರಿ ಬಸ್ಸಲ್ಲಿ ತೊಡೆ ಮೇಲಿಟ್ಕೊಂಡು ಹೋದೆ.

ಒಟ್ಟು ಖರ್ಚು 2,310 ರೂಪಾಯಿ, ಬಸ್ ಚಾರ್ಜ್ ಬಿಟ್ಟು. ಅದರಲ್ಲಿ ಟಾರ್ಚ್ ಬಲ್ಬು, ಪಟ್ಟಿ, ಸುಳ್ಳು ಸೆಲ್ಲು ಸೇರಿ 480 ನೀರಲ್ಲಿ ಹೋಮ. ಮೀಟರು, ಐರನ್ನು ಮನೇಲಿ ಉಳೀತು ಅನ್ಕೊಳ್ಳಿ. ಬಲ್ಬು ತಗೊಳ್ಳೋ ಮೊದಲೇ ಮೀಟರ್ ತಗೊಂಡಿದ್ರೆ ಅರ್ಧ ಖರ್ಚೂ ಆಗ್ತಿರ್ಲಿಲ್ಲ, ಅರ್ಧ ದಿನಾನೂ ಹಿಡೀತಿರ್ಲಿಲ್ಲ.

ಜುಲೈ ಮೊದಲನೇ ವಾರ ಮೂರೂ ಲಾಟೀನು ಸಾಲಾಗಿ ಜಗಲಿ ಮೇಲಿಟ್ಟು ಅಮ್ಮಂಗೆ ಪಾಠ ಮಾಡ್ದೆ: ಇದಕ್ಕೆ ದೊಡ್ಡ ಸೆಲ್ಲು, ಇದಕ್ಕೆ ಶುಕ್ರವಾರ ಚಾರ್ಜು, ಇದಕ್ಕೆ ಮೊಬೈಲ್ ಚಾರ್ಜರು. ಎಲ್ಲ ಕೇಳಿದ್ರು, ತಲೆ ಆಡಿಸಿದ್ರು. ಹೊರಡೋವಾಗ ದೇವರ ಮನೆ ಕಪಾಟಲ್ಲಿ ಬೆಂಕಿಪೊಟ್ಟಣ ಹುಡುಕ್ತಿದ್ರೆ ಒಂದು ಕುಂಕುಮದ ಭರಣೀಲಿ ಹತ್ತಿ ಸುತ್ತಿಟ್ಟ ಏನೋ ಸಿಕ್ತು, ಬಿಚ್ಚಿ ನೋಡಿದ್ರೆ ಮಸ್ಕತ್ ಲಾಟೀನಿನ ಹಳೇ ಬಲ್ಬು. ಇದ್ಯಾಕೆ ಇಟ್ಟಿದೀಯ ಅಂದೆ.

"ಇರ್ಲಿ ಬಿಡು, ನಿಂದು ಕೆಟ್ರೆ ಬೇಕಾಗತ್ತೆ" ಅಂದ್ರು.